ಹೆಬ್ಬೆರಳಿನ ತಗ್ಗು

ಅಮರಗೋಳ
೯ ಜನವರಿ ೨೦೨೫

ನನ್ನ ಕಸ್ತೂರಿಗೆ, ನಿನ್ನ ಅವ್ವನ ಆಶೀರ್ವಾದಗಳು.

ಲಕೋಟೆ ನೋಡಿ ಗಾಬರಿಯಾಗಿರಬೇಕು ನಿನಗೆ. ನವನಗರಕ್ಕೂ ಅಮರಗೋಳಕ್ಕೂ ಒಂದು ಬಸ್ಸಿನ ದಾರಿ, ಕಾಗದ ಬರೆಯುವಷ್ಟು ದೂರವೇನಲ್ಲ. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತೇ, ಮೊಮ್ಮಗಳು ಸಾನ್ವಿ ಮಲಗಿದಳೇ ಎನ್ನುವುದರ ಆಚೆ ಹೋಗುವುದೇ ಇಲ್ಲ. ಇವತ್ತು ಹೇಳಬೇಕಾದದ್ದು ಬಾಯಿಗೆ ಬರುವ ಮಾತೂ ಅಲ್ಲ. ಏಳನೇ ಇಯತ್ತೆಯವರೆಗೆ ಕಲಿತದ್ದು ಕಡೆಗೂ ಉಪಯೋಗಕ್ಕೆ ಬಂತು ಅಂದುಕೋ. ಅಕ್ಷರಗಳು ಯಾಕೋ ವಾಲಿ ವಾಲಿ ಬರುತ್ತಿವೆ, ಸಾಲುಸಾಲಿಗೂ ಮಸಿ ಒರೆಸಿದಂತಾಗುತ್ತಿದೆ. ಪೆನ್ನು ಸರಿಯಿಲ್ಲ, ಸುಧಾರಿಸಿಕೊಂಡು ಓದು.

ನಾನೀಗ ಮರದ ಸುತ್ತಿಗೆ, ಅದೇ ನಮ್ಮ ಕೊಡತಿ, ಮಾಡುತ್ತಿದ್ದೇನೆ. ನಗಬೇಡ. ಮೂವತ್ತು ವರ್ಷ ನಿನ್ನ ಅಪ್ಪ ಮಾಡಿದ ಕೊಡತಿಗಳನ್ನು ಗಾಜಿನ ಚೂರಿನಿಂದ ಹೆರೆದು, ಅಗಸಿ ಎಣ್ಣೆ ತಿಕ್ಕಿ ಒಣಗಿಸಿದವಳು ನಾನೇ ಅಲ್ಲವೇ? ಅವರು ಮಾಡಿಟ್ಟು ಹೋದದ್ದೆಲ್ಲ ಕಳೆದ ದಸರೆಗೆ ಮಾರಿ ತೀರಿತು. ಗಿರಾಕಿಗಳು ಬಾಗಿಲ ತನಕ ಬಂದು ಬರಿಗೈಯಲ್ಲಿ ತಿರುಗಿ ಹೋಗುವುದನ್ನು ನೋಡಲಾಗದೆ ನಾನೇ ಗರಗಸ ಹಿಡಿದೆ. ನೆರಳಿನಲ್ಲಿ ಒಣಗಿದ ಜಾಲಿಯ ದಿಮ್ಮಿ ಇದ್ದೇ ಇತ್ತು. ಅದರಿಂದ ಕೊಡತಿಯ ತಲೆ ಕೊಯ್ದೆ, ರಂಧಾ ಹೊಡೆದು ಮುಖ ಸಾಪು ಮಾಡಿದೆ, ಮೇಲೆ ಅಗಲ ಕೆಳಗೆ ಇಕ್ಕಟ್ಟು ಆಗುವಂತೆ ಉಳಿಯಿಂದ ತೂತು ತೆಗೆದು ಹಿಡಿಯನ್ನು ಮೇಲಿನಿಂದ ಇಳಿಬಿಟ್ಟೆ. ಬೀಸಿದಷ್ಟೂ ಬಿಗಿಯಾಗುವ ಕೂಡಿಕೆ ಅದು, ಮೊಳೆ ಬೇಡ, ಅಂಟು ಬೇಡ. ಮೊದಲನೆಯದು ಅಲುಗಾಡಿತು. ಎರಡನೆಯದು ಸೀಳಿತು. ಮೂರನೆಯದನ್ನು ನೋಡಿ ನನಗೇ ಸ್ವಲ್ಪ ಜಂಬ ಬಂತು.

ನೆಗ್ಗಿದ ಕಾರುಗಳನ್ನು ಬಡಿದು ಸರಿಮಾಡುವ ನಿನ್ನ ಗೌಸಸಾಬ ಕಾಕಾ ಒಂದು ಡಜನ್ ಬೇಕೆಂದರು. ಆ ಮೂರನೆಯದನ್ನು ತೆಗೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ವಾಪಸ್ ತಂದರು.

"ವೈನಿ, ಕೊಡತಿ ಭಾಳ ಛಲೋ ಆಗೇತ್ರಿ. ಆದ್ರ ಇದು ಎಡಚರದ್ದು. ನನ್ನ ಗ್ಯಾರೇಜನ್ಯಾಗ ಎಡಚ ಯಾರದಾರ?" ಎಂದರು.

ನೋಡಿದರೆ ಹೌದು. ನಮ್ಮ ಮನೆಯ ಕೊಡತಿಯ ಗುರುತೇ ಹಿಡಿಯ ಮೇಲಿನ ಆ ತಗ್ಗು, ಹೆಬ್ಬೆರಳು ಕೂಡುವ ಜಾಗ. ಪೆಟ್ಟು ಹಾಕುವ ಮುಖ ಒಂದೇ ಆದ್ದರಿಂದ ತಗ್ಗು ಒಂದೇ ಮಗ್ಗಲಿಗೆ ಇರುತ್ತದೆ. ಅದು ಬಲಗೈ ಹಿಡಿತದ ಮಗ್ಗಲು ಎಂದು ನಿನಗೆ ನಾನೇನು ಹೇಳುವುದು? ನನ್ನ ಕೊಡತಿಯಲ್ಲಿ ಅದು ಆಚೆ ಮಗ್ಗಲಿಗೆ ಬಿದ್ದಿತ್ತು. ಕಣ್ಣು ಮಂಜಾಗಿರಬೇಕು ಎಂದುಕೊಂಡು ಇನ್ನೊಂದು ಮಾಡಿದೆ. ಅದೂ ಆಚೆಗೇ. ಅದರ ಮುಂದಿನದಕ್ಕೆ ಸರಿಯಾದ ಮಗ್ಗಲಲ್ಲಿ ದಪ್ಪಗೆ ಪೆನ್ಸಿಲ್ ಗುರುತು ಹಾಕಿ, ಅದರ ಮೇಲೇ ಗುಂಡು ಉಳಿ ಇಟ್ಟು ಕೆತ್ತಿದೆ. ಚಕ್ಕೆಗಳು ಉಡಿಯಲ್ಲಿ ಬಿದ್ದವು. ಕೆತ್ತಿ ಮುಗಿಸಿ ಹಿಡಿಯನ್ನು ಬೆಳಕಿಗೆ ಹಿಡಿದರೆ ಪೆನ್ಸಿಲ್ ಗುರುತು ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ತಗ್ಗು ಅದರ ಬೆನ್ನಿಗಿತ್ತು.

ಮುದುಕಿಗೆ ಅರಳುಮರಳು ಅನ್ನುತ್ತೀಯ. ನಾನೂ ಅದನ್ನೇ ಅಂದುಕೊಂಡೆ. ಅದಕ್ಕೇ ಗೌಸಸಾಬರನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದೆ. ಹಾಡೇ ಹಗಲು, ಹೊರಗೆ ಮಾರ್ಕೆಟ್‌ಯಾರ್ಡಿನ ಲಾರಿಗಳ ಗದ್ದಲ, ಒಳಗೆ ನಾವಿಬ್ಬರು. ಅವರು ಚಹಾದ ಕಪ್ಪು ಕೈಯಲ್ಲಿ ಹಿಡಿದವರು ಹಿಡಿದಂತೆಯೇ ಕೂತಿದ್ದರು. ನಾನು ಉಳಿ ಕೆಳಗಿಟ್ಟು ಹಿಡಿಯನ್ನು ತಿರುಗಿಸಿ ತೋರಿಸಿದೆ, ತಗ್ಗು ಮತ್ತೆ ಆಚೆ ಮಗ್ಗಲಿಗೇ ಇತ್ತು.

"ನಾ ಕಣ್ಣ ಪಿಳುಕಿಸಿಲ್ರಿ ವೈನಿ. ನೀವು ಗುರುತಿನ ಮ್ಯಾಲೇ ಉಳಿ ಇಟ್ರಿ. ಅದನ್ನೂ ನೋಡೇನಿ, ಇದನ್ನೂ ನೋಡಾಕತ್ತೇನಿ," ಎಂದರು. ಆಮೇಲೆ ಮೆಲ್ಲಗೆ, "ಶಿದ್ದಪ್ಪಗ ಏನಾರ ಹೇಳೂದು ಉಳದಿತ್ತೇನ್ರಿ?" ಎಂದು ನಿನ್ನ ಅಪ್ಪನ ಹೆಸರು ತೆಗೆದು ಕೇಳಿದರು. ನಾನು ಏನೂ ಇಲ್ಲ ಎಂದೆ. ಚಹಾ ಹಾಗೇ ಬಿಟ್ಟು ಎದ್ದು ಹೋದರು.

ಈಗ ಗೋಡೆಯ ಮೇಲೆ ಹನ್ನೊಂದು ಕೊಡತಿ ತೂಗುತ್ತಿವೆ, ಹನ್ನೊಂದೂ ಎಡಚರವು. ಇನ್ನೊಂದು ಮಾತು. ನಾನು ಹೆರೆದು ಎಣ್ಣೆ ಹಚ್ಚುವ ಮೊದಲೇ ಆ ತಗ್ಗುಗಳು ನುಣ್ಣಗಿರುತ್ತವೆ, ಯಾರೋ ವರ್ಷಗಟ್ಟಲೆ ಬೆರಳಿಟ್ಟು ಬಳಸಿದ ಹಾಗೆ. ನನ್ನ ಹೆಬ್ಬೆರಳು ಇಟ್ಟು ನೋಡಿದೆ, ಕೂಡುವುದಿಲ್ಲ. ಗೌಸಸಾಬರದೂ ಕೂಡಲಿಲ್ಲ. ನಮ್ಮ ಮನೆಯಲ್ಲಿ ಎಡಗೈಯವಳು ಒಬ್ಬಳೇ, ನೀನು.

ದಸರೆಯ ಆ ಖಂಡೆಪೂಜೆ ನಿನಗೆ ಮರೆತಿರಲಿಕ್ಕಿಲ್ಲ. ಪೂಜೆಯ ದಿನ ಹತ್ಯಾರ ಮುಟ್ಟದೆ, ಮರುದಿನ ಮುಂಜಾನೆ ಕೆಲಸದ ಮಣೆಯ ಮೇಲೆ ಮೊದಲ ಪೆಟ್ಟನ್ನು ಬಲಗೈಯಲ್ಲಿ ಹಾಕಿ ಕೆಲಸ ಶುರುಮಾಡುವುದು ನಮ್ಮ ಮನೆಯ ಪದ್ಧತಿ. ನೀನು ಎಲ್ಲರಿಗಿಂತ ಮೊದಲು ಎದ್ದು, ನಿನ್ನ ಕೈಗೆ ಹೇಗೆ ಬರುತ್ತದೋ ಹಾಗೆ ಹಾಕಿಬಿಟ್ಟಿದ್ದೆ. "ಎಡಗೈಲೆ ಮೊದಲ ಪೆಟ್ಟ ಹಾಕಿದ್ಯಾ? ಇನ್ನ ಈ ಮಣಿ ಮುಟ್ಟಬ್ಯಾಡ" ಎಂದು ಅವರು ನಿನ್ನ ಕೈಯಿಂದ ಕೊಡತಿ ಕಸಿದುಕೊಂಡರು. ನೀನು ಅವತ್ತೇ ಹೊರಟೆ. ಅದೇ ಎಡಗೈಯಿಂದ ನವನಗರದಲ್ಲಿ ಬಾಗಿಲು ಕೆತ್ತಿ ಬಾಳು ಕಟ್ಟಿಕೊಂಡೆ. ಸಾಲಿಗೆ ಹೋಗುವಾಗಲೂ ಹಾಗೇ ಇದ್ದೆ ನೀನು. ಬರೆದದ್ದರ ಮೇಲೆಯೇ ಕೈ ಎಳೆದುಕೊಂಡು ಹೋಗಿ, ಎಡ ಅಂಗೈಯ ಅಂಚಿಗೆಲ್ಲ ಮಸಿ ಮೆತ್ತಿಕೊಂಡು ಬರುತ್ತಿದ್ದೆ. ಅದನ್ನು ತಿಕ್ಕಿ ತೊಳೆಯುವಾಗ ನಾನೂ ಬೈದಿದ್ದೇನೆ.

ಈಗ ಕೇಳು. ಓದಿದ ಮೇಲೆ ನನ್ನ ಮುಖ ನೋಡಲಾರೆ ಎಂದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ ಅಪ್ಪ ಕಡೆಯ ತಿಂಗಳಲ್ಲಿ ಹಾಸಿಗೆಯ ಮೇಲೆ ಕೂತೇ ಒಂದು ಕೊಡತಿ ಮಾಡುತ್ತಿದ್ದರು. ತಲೆ ಮುಗಿದಿತ್ತು. ಹಿಡಿಯೂ ಮುಗಿದಿತ್ತು, ತಗ್ಗು ಒಂದನ್ನು ಬಿಟ್ಟು. ತಗ್ಗಿನ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿಟ್ಟಿದ್ದರು, ಎಡಗೈಯ ಮಗ್ಗಲಿಗೆ. ಒಂದು ಸಂಜೆ ನನ್ನನ್ನು ಕರೆದು, "ಕಸ್ತೂರಿಗೆ ಫೋನ್ ಹಚ್ಚು. ಲಗೂ ಬಾ ಅನ್ನು. ಆಕಿ ಹೆಬ್ಬಟ್ಟಿನ ಅಳತಿ ಬೇಕಾಗೇತಿ" ಎಂದರು.

ನಾನು ಫೋನ್ ಮಾಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಒಳಗೆ ಬಂದೆ. "ಬರೂದಿಲ್ಲ ಅಂದ್ಳು" ಎಂದೆ.

ಯಾಕೆ ಎಂದು ಕೇಳುತ್ತೀಯ. ನೀನು ಮನೆ ಬಿಟ್ಟ ಮೇಲೆ ಅಷ್ಟೂ ವರ್ಷ, ಫೋನ್ ಮಾಡಿದಾಗಲೆಲ್ಲ ನೀನು ಮೊದಲು ಕೇಳುತ್ತಿದ್ದದ್ದು "ಅಪ್ಪ ಹ್ಯಾಂಗದಾನ?" ಎಂದು. ಬೈದು ಹೊರಗೆ ಹಾಕಿದವರು ಅವರು, ಕದ್ದು ಬುತ್ತಿ ಕಟ್ಟಿ ಕಳಿಸಿದವಳು ನಾನು. ಅವ್ವ ಹೇಗಿದ್ದಾಳೆ ಎಂದು ಒಮ್ಮೆಯಾದರೂ ಕೇಳಿದೆಯಾ? ಹೊಟ್ಟೆಕಿಚ್ಚು ಕಸ್ತೂರಿ, ಬೇರೇನೂ ಅಲ್ಲ. ಒಂದು ದಿನ ಇವರಿಬ್ಬರೂ ಕಾಯಲಿ ಅನ್ನಿಸಿತು. ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡಿದ್ದೆ. ಅವರು ಹಿಡಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದರು. ಬೆಳಗಾಗುವಷ್ಟರಲ್ಲಿ ಹೋಗಿದ್ದರು.

ನೀನು ಬಂದೆ. ಮೂರನೇ ದಿನ ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಪ್ಪ ನನ್ನ ನೆನಸಿದ್ನೇನಬೇ?" ಎಂದು ಕೇಳಿದೆ. ಇಲ್ಲ ಎಂದೆ. ಹೌದು ಎಂದಿದ್ದರೆ ಮೊದಲನೆಯ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ನೀನು ತಲೆ ತಗ್ಗಿಸಿ ಹೋದೆ. ಅವತ್ತು ಸಂಜೆ ಆ ಹಿಡಿಯನ್ನು ನೀರೊಲೆಗೆ ಹಾಕಿಬಿಟ್ಟೆ. ಜಾಲಿ ಹತ್ತಿಕೊಂಡರೆ ಎಂಥ ಕೆಂಡವಾಗುತ್ತದೆ ನಿನಗೆ ಗೊತ್ತು. ಅದು ಬಹಳ ಹೊತ್ತು ಉರಿಯಿತು. ತಲೆಯನ್ನು ಸುಡಲು ಮನಸ್ಸಾಗಲಿಲ್ಲ, ಟ್ರಂಕಿನಲ್ಲಿಟ್ಟೆ. ಈಗಲೂ ಇದೆ. ನಾನು ಮಾಡಿದ ಹನ್ನೊಂದು ಹಿಡಿಗಳನ್ನೂ ಅದರ ತೂತಿಗೆ ಇಳಿಬಿಟ್ಟು ನೋಡಿದ್ದೇನೆ. ಅಳತೆ ಹಿಡಿದು ಮಾಡಿದ್ದೂ ನಿಲ್ಲದೆ ಉದುರಿಬೀಳುತ್ತದೆ.

ನಿನ್ನ ಅಪ್ಪ ನೀನು ಬರಲೊಲ್ಲೆ ಅಂದೆ ಎಂದು ತಿಳಿದು ಹೋದರು. ನೀನು ಅವರು ನೆನೆಸಲಿಲ್ಲ ಎಂದು ತಿಳಿದು ಬದುಕುತ್ತಿದ್ದೀಯ. ಎರಡನ್ನೂ ಮಾಡಿದವಳು ನಾನು. ಅವರಿಗೆ ಇನ್ನು ಹೇಳಲಾರೆ, ನಿನಗಾದರೂ ಹೇಳಿದೆ. ಅವರು ನಿನ್ನನ್ನು ಕರೆದರು ಕಸ್ತೂರಿ. ನಿನ್ನ ಎಡಗೈಯನ್ನೇ ಕರೆದರು.

ಒಮ್ಮೆ ಬಾ. ನನ್ನೊಡನೆ ಮಾತಾಡದಿದ್ದರೂ ಸರಿ. ಬಂದು ಆ ತಲೆಗೆ ನಿನ್ನ ಕೈಯಾರೆ ಹಿಡಿ ಹಾಕು, ತಗ್ಗು ಕೆತ್ತು, ಮಣೆಯ ಮೇಲೆ ಒಂದು ಪೆಟ್ಟು ಹಾಕು. ಅಲ್ಲಿಯವರೆಗೆ ಈ ಮನೆಯಲ್ಲಿ ಬಲಗೈಯ ಕೊಡತಿ ಹುಟ್ಟುತ್ತದೆ ಎಂಬ ನಂಬಿಕೆ ನನಗಿಲ್ಲ. ನನಗೆ ಭಯವಾಗುತ್ತಿದೆ. ಅವರಿಗೆ ನಾನು ಎಂದೂ ಹೆದರಿದವಳಲ್ಲ, ಈಗ ಅವರ ಮಣೆಯ ಮುಂದೆ ಕೂರಲು ಹೆದರುತ್ತೇನೆ.

ಸಾನ್ವಿಗೆ ಮುತ್ತು.

ಇಂತಿ,
ನಿನ್ನ ತಪ್ಪಿತಸ್ಥ ಅವ್ವ,
ದುರಗವ್ವ

ತಾ.ಕ.: ಕಾಗದ ಪೆಟ್ಟಿಗೆಗೆ ಹಾಕಲು ಗೌಸಸಾಬರು ಬಂದಿದ್ದಾರೆ. ನಾನು ಕಡೆಯ ಸಾಲು ಬರೆಯುವುದನ್ನು ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬರಲೊಲ್ಲದೆ, "ವೈನಿ, ಕೈ ನೋಡಕೋರ್ರಿ" ಎಂದರು. ಪೆನ್ನನ್ನು ಬಲಗೈಯಲ್ಲೇ ಹಿಡಿದಿದ್ದೇನೆ ಎಂದು ದೇವರ ಮುಂದೆಯೂ ಹೇಳುತ್ತಿದ್ದೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದೆ. ಎಡ ಅಂಗೈಯ ಅಂಚಿಗೆಲ್ಲ ಮಸಿ ಮೆತ್ತಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಲಗೂ ಬಾ.