ಹೆರಿಂಗ್ ವಾಸನೆಯ ದಾರ

ಮಾರ್ಷ್ ಹಾರ್ಬರ್, ಮೇನ್
ಜುಲೈ 9, 2019

ಪ್ರೀತಿಯ ಗ್ರೆಚೆನ್‌ಗೆ,

‘ಪ್ರೀತಿಯ’ ಎನ್ನುವುದನ್ನು ಅಭ್ಯಾಸಬಲದಿಂದ ಬರೆದಿದ್ದೇನೆ, ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಕ್ಷೇಮವೇ? ಕ್ಷೇಮವಾಗಿಯೇ ಇರುತ್ತೀ, ಪತ್ರಿಕೆಯಲ್ಲಿ ಫೋಟೋ ನೋಡಿದೆ, ಕೆನ್ನೆ ತುಂಬಿಕೊಂಡಿದೆ. ಅಮ್ಮ ಹೋದಾಗ ನೀನು ಕಳಿಸಿದ ಹೂವಿಗೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ನಾವಿಬ್ಬರೂ ಇದ್ದ ಬೇಸಿಗೆ ಶಿಬಿರದಲ್ಲಾದರೆ ಮನೆಗೆ ಬರೆದ ಕಾಗದ ಕೈಯಲ್ಲಿದ್ದರೆ ಮಾತ್ರ ಭಾನುವಾರದ ಕೋಳಿ ಊಟಕ್ಕೆ ಒಳಗೆ ಬಿಡುತ್ತಿದ್ದರು. ನೀನು ಖಾಲಿ ಹಾಳೆ ಮಡಚಿ ಲಕೋಟೆಗೆ ತುರುಕಿ ತೋರಿಸಿ, ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ನಿನ್ನ ಕಾದಂಬರಿ ಓದಿದೆ. ಬೇಸಿಗೆ ಶಿಬಿರ, ಸರೋವರ, ಮುಳುಗಿ ಸತ್ತ ಹುಡುಗಿ, ಅವಳನ್ನು ಕೊಂದ ಈಜು ಶಿಕ್ಷಕಿ. ಆ ಶಿಕ್ಷಕಿಗೆ ಎಡಗೈ ಕಿರುಬೆರಳಿನ ತುದಿ ಇಲ್ಲವಂತೆ. ನನಗೂ ಇಲ್ಲ. ಊರವರಿಗೆಲ್ಲ ಕಣ್ಣಿಲ್ಲ ಎಂದುಕೊಂಡೆಯಾ? ಅಂಗಡಿಯ ವಿಲ್ಮಾ ನನ್ನ ಚೀಲಕ್ಕೆ ಹಾಲಿನ ಡಬ್ಬ ಹಾಕುತ್ತಾ, “ಏನ್ ಲೋರ್ನಾ, ಪುಸ್ತಕದಲ್ಲೆಲ್ಲ ಬಂದ್ಬಿಟ್ಟಿದ್ದೀಯಂತೆ!” ಎಂದಳು.

“ಬಂದಿದೀನಿ ಕಣೇ. ಇನ್ಮೇಲೆ ಹುಳಿ ಹಾಲು ಕೊಡೋ ಮುಂಚೆ ಸ್ವಲ್ಪ ಯೋಚನೆ ಮಾಡು” ಎಂದೆ.

ಅವಳು ನಗಲಿಲ್ಲ. ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ತಂಗಿ ಪೋಸಿ ನೀರುಪಾಲಾದ ದಿನದಿಂದ ನನ್ನದು ಅದೇ ಕೆಲಸ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತಂತೆ ನಟಿಸಲು ದಾರಿ ಸಿಗದಿರಲಿ ಎಂದು. ಸರೋವರದ ದಡದ ಆ ಹಲಗೆಯಲ್ಲಿ ಪ್ರತಿ ಹುಡುಗಿಗೂ ಒಂದು ಮರದ ಬಿಲ್ಲೆ. ನೀರಿಗಿಳಿದಾಗ ಕೆಂಪು ಮುಖ, ಹತ್ತಿ ಬಂದಾಗ ಬಿಳಿ ಮುಖ. ಪೋಸಿಯ ಬಿಲ್ಲೆಯ ತೂತು ಒಡೆದಿತ್ತು. ಅವಳು ನೀರಿಗಿಳಿಯುವ ಮುಂಚೆ ನಾನೇ ಕೆಂಪು ಮುಖ ಮುಂದೆ ಮಾಡಿ, ಅದನ್ನು ಮೊಳೆಗೆ ದಾರದಿಂದ ಬಿಗಿದೆ. ಅಪ್ಪನ ಲಾಬ್‌ಸ್ಟರ್ ದೋಣಿಯಲ್ಲಿ ಬಲೆಗೆ ಎರೆಯಾಗಿ ಕೊಳೆತ ಹೆರಿಂಗ್ ಮೀನು ಕಟ್ಟುವ ದಾರ. ನನ್ನ ಜೇಬಿನಲ್ಲಿ ಉಳಿದುಕೊಂಡಿತ್ತು. ಪೋಸಿ ಮೂಗು ಮುಚ್ಚಿಕೊಂಡು, “ಥೂ, ಎಂಥಾ ಗಬ್ಬುನಾತ ಅಕ್ಕ! ನಾನಂತೂ ಮುಟ್ಟಲ್ಲಪ್ಪ” ಎಂದು ನೀರಿಗೆ ಹಾರಿದಳು. ನನ್ನೊಂದಿಗೆ ಅವಳು ಆಡಿದ ಕೊನೆಯ ಮಾತು ಅದು. ಅದನ್ನು ನಾನು ಯಾರಿಗೂ ಹೇಳಿಲ್ಲ, ಅದೊಂದಾದರೂ ನನಗೇ ಇರಲಿ ಎಂದು.

ಆ ಬೇಸಿಗೆ ಈಜು ಶಿಕ್ಷಕಿ ನಾನೇ, ದಡದ ಕಾವಲೂ ನನ್ನದೇ. ಊಟದ ಸೀಟಿ ಊದುವಾಗ ಹಲಗೆ ನೋಡಿದೆ. ಎಲ್ಲ ಬಿಳಿ. ಪೋಸಿಯದನ್ನು ಅವಳ ಈಜಿನ ಜೊತೆಗಾತಿಯಾಗಿದ್ದ ನೀನೇ ಬಿಚ್ಚಿ ತಿರುಗಿಸಿರಬೇಕು ಎಂದುಕೊಂಡು ಗೇಟು ಮುಚ್ಚಿದೆ. ಅವಳು ಊಟಕ್ಕೆ ಬರಲಿಲ್ಲವೆಂದು ಎಲ್ಲರೂ ದಡಕ್ಕೆ ಓಡಿದಾಗ ಬಿಲ್ಲೆ ಕೆಂಪಗಿತ್ತು. “ಬೆಳ್ಳಗಿತ್ತು, ನಾನೇ ನೋಡಿದೀನಿ!” ಎಂದು ನಾನು ಕಿರುಚಿಕೊಂಡೆ. ನೀನು ಪೊಲೀಸರ ಮುಂದೆ ಅಳುತ್ತಾ, “ನಾನು ಬೇಗ ಹತ್ತಿ ಬಂದೆ ಸಾರ್. ಪೋಸಿ ಇನ್ನೂ ನೀರಲ್ಲಿದಾಳೆ ಅಂತ ಲೋರ್ನಾಗೆ ಹೇಳೇ ಬಂದೆ. ಅವಳ ಬಿಲ್ಲೆ ನಾನು ಮುಟ್ಟೇ ಇಲ್ಲ” ಎಂದೆ. ಎಷ್ಟು ಚೆನ್ನಾಗಿ ಅತ್ತೆ! ನನ್ನ ಅಮ್ಮನೇ ನಿನ್ನನ್ನು ತಬ್ಬಿಕೊಂಡು ಸಮಾಧಾನ ಮಾಡಿದಳು.

ಈಗ ನಿನ್ನ ಪುಸ್ತಕಕ್ಕೆ ಬರುತ್ತೇನೆ. ಅದರಲ್ಲಿ ಕೊಲೆಗಾತಿ ಬಿಲ್ಲೆಯನ್ನು ಬಿಳಿಗೆ ತಿರುಗಿಸುತ್ತಾಳೆ. ಎಲ್ಲರೂ ಊಟದ ಪ್ರಾರ್ಥನೆ ಹಾಡುವಾಗ ಓಡಿ ಹೋಗಿ ಮತ್ತೆ ಕೆಂಪು ಮಾಡುತ್ತಾಳೆ. ಅದು ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದೇ, ನನ್ನಿಂದ ಕದ್ದೆ ಎನ್ನೋಣ. ಆದರೆ ಅವಳು ದಾರದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಾಳೆ. ಕೊಳೆತ ಹೆರಿಂಗ್ ರುಚಿ ಊಟ ಮುಗಿದರೂ ಅವಳ ನಾಲಿಗೆ ಬಿಟ್ಟು ಹೋಗುವುದಿಲ್ಲ. ನಿನ್ನ ಕಥೆಯ ಶಿಬಿರ ಇರುವುದು ವರ್ಮಾಂಟಿನ ಬೆಟ್ಟದಲ್ಲಿ, ಮಹಾತಾಯಿ. ಅಲ್ಲಿ ಸಮುದ್ರವಿಲ್ಲ, ಲಾಬ್‌ಸ್ಟರ್ ದೋಣಿಯಿಲ್ಲ, ನನ್ನ ಅಪ್ಪನೂ ಇಲ್ಲ. ಆ ರುಚಿ ಅಲ್ಲಿಗೆ ಹೇಗೆ ಬಂತು? ಊರು ಬದಲಿಸಿದೆ, ಹೆಸರು ಬದಲಿಸಿದೆ, ಬಾಯಿ ಮಾತ್ರ ತೊಳೆದುಕೊಳ್ಳಲಿಲ್ಲ.

ನೀನು ಕೊಲೆ ಮಾಡಿದೆ ಎನ್ನುವುದಿಲ್ಲ. ಅಷ್ಟು ಗುಂಡಿಗೆ ನಿನಗೆಲ್ಲಿಂದ ಬರಬೇಕು? ದೋಣಿಮನೆಯ ಹಿಂದೆ ಸಿಗರೇಟು ಸೇದಬೇಕಿತ್ತು, ಬೇಗ ಹತ್ತಿ ಬಂದೆ. ಪೋಸಿಯ ಬಿಲ್ಲೆ ಒಂಟಿಯಾಗಿ ಕೆಂಪಗಿದ್ದರೆ ಜೊತೆಗಾತಿ ಎಲ್ಲಿ ಎಂದು ನಿನ್ನನ್ನು ಹುಡುಕುತ್ತಾರೆ ಎಂದು ಎರಡನ್ನೂ ಬಿಳಿ ಮಾಡಿದೆ. ಅವಳೂ ಹಿಂದೆಯೇ ಬರುತ್ತಾಳೆ ಎಂದುಕೊಂಡಿರಬಹುದು. ಹದಿನಾರರ ಪೆದ್ದಿ, ಅಷ್ಟನ್ನು ಕ್ಷಮಿಸುತ್ತಿದ್ದೆನೇನೋ. ಆದರೆ ಪೋಸಿ ಬಂದಿಲ್ಲವೆಂದು ಗೊತ್ತಾದ ಮೇಲೂ ನೀನು ಓಡಿದ್ದು ನೀರಿನ ಕಡೆಗಲ್ಲ, ಹಲಗೆಯ ಕಡೆಗೆ. ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ.

ಈ ಶನಿವಾರ ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಓದಲು ಬರುತ್ತೀಯಂತೆ. ಬಾ. ಆ ಪುಟವನ್ನೇ ಓದು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ, ಒಂದೇ ಪ್ರಶ್ನೆ ಕೇಳುತ್ತೇನೆ: ಹೆರಿಂಗ್ ಎಲ್ಲಿಂದ ಬಂತು? ಸುತ್ತ ಕೂತವರೆಲ್ಲ ಮೀನುಗಾರರ ಮನೆಯವರು, ಅವರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಏಳುವ ಮೊದಲೇ ನೀನೇ ಹೇಳಿಬಿಟ್ಟರೆ ಸ್ವಲ್ಪ ಮರ್ಯಾದೆ ಉಳಿದೀತು. ಜ್ವರ, ವಿಮಾನ ತಪ್ಪಿತು ಎಂದೆಲ್ಲ ನೆಪ ಹೇಳಿದರೆ ನಾನೇ ನಿನ್ನ ಮನೆ ಬಾಗಿಲಿಗೆ ಬರುತ್ತೇನೆ. ದಾರ ತರುತ್ತೇನೆ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ. ಕೊನೆಯವರೆಗೂ ಜ್ಞಾಪಕಶಕ್ತಿ ಚೆನ್ನಾಗಿರಲಿ.

ನಿನ್ನ ಹಳೆಯ ಗೆಳತಿ,
ಲೋರ್ನಾ

ಮರೆತ ಮಾತು: ಪ್ರತಿ ಬೇಸಿಗೆಯಲ್ಲೂ ಅಮ್ಮ ಕೇಳುತ್ತಿದ್ದಳು, “ನಿಜ ಹೇಳು ಲೋರ್ನಾ, ಅವತ್ತು ಹಲಗೆ ನೋಡಿದ್ಯಾ?” ಪ್ರತಿ ಸಲವೂ “ನೋಡ್ದೆ ಅಮ್ಮ, ಬೆಳ್ಳಗಿತ್ತು” ಎನ್ನುತ್ತಿದ್ದೆ, ಅವಳು ಮುಖ ತಿರುಗಿಸುತ್ತಿದ್ದಳು. ಈ ಮಾರ್ಚಿನಲ್ಲಿ ಅವಳು ಮೇಲುಸಿರು ಬಿಡುತ್ತಿದ್ದಾಗಲೂ ಅದನ್ನೇ ಕೇಳಿದಳು. ಸಾಯುವ ಮುಂಚೆ ನನ್ನನ್ನು ಕ್ಷಮಿಸಬೇಕೆಂದು ಅವಳಿಗಿತ್ತು, ಅದಕ್ಕೆ ನನ್ನದೊಂದು ತಪ್ಪು ಬೇಕಿತ್ತು. “ಇಲ್ಲಮ್ಮ, ನೋಡ್ಲಿಲ್ಲ” ಎಂದುಬಿಟ್ಟೆ. “ನಂಗೊತ್ತಿತ್ತು ಮಗಳೇ” ಎಂದು ತಲೆ ಸವರಿದಳು. ಎಷ್ಟೋ ವರ್ಷದ ಮೇಲೆ ನನ್ನನ್ನು ಮುಟ್ಟಿದ್ದಳು.

ನಿನ್ನ ಪುಸ್ತಕ ಅಂಗಡಿಗೆ ಬಂದದ್ದು ಏಪ್ರಿಲ್‌ನಲ್ಲಿ.