ಕರ್ಪೂರವೊಂದೇ ಕಂಡಿತೇ ನಿಮಗೆ?

ಮಾನ್ಯ ವಿಚಾರಣಾಧಿಕಾರಿಗಳೇ,

ನನ್ನ ಮಗಳು ನಿಮ್ಮೆದುರು ಹೇಳಿದ ಮಾತುಗಳಲ್ಲಿ ನಿಮಗೆ ಬೇಕಾದ ಒಂದನ್ನು ಆರಿಸಿಕೊಂಡು ಮಿಕ್ಕಿದ್ದನ್ನೆಲ್ಲ ಗುಡಿಸಿ ಆಚೆಗೆ ಹಾಕಿದ್ದೀರಿ. ಆಯುಧಪೂಜೆಗೆಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸೇರಿದ್ದಾಗ ಎದ್ದ ಬೆಂಕಿಗೆ ‘ವಿದ್ಯಾರ್ಥಿನಿಯ ನಿರ್ಲಕ್ಷ್ಯವೇ ಕಾರಣ’ ಎಂದು ವರದಿ ಕೊಟ್ಟಿದ್ದೀರಿ. ಆ ವಿದ್ಯಾರ್ಥಿನಿ ನಯನಾ, ನನ್ನ ಮಗಳು. ನಿಮ್ಮ ವರದಿಯನ್ನು ಮುಂದಿಟ್ಟುಕೊಂಡು ಕಾಲೇಜಿನವರು ಅವಳನ್ನು ಪ್ರಯೋಗಾಲಯದ ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸುತ್ತಿದ್ದಾರೆ. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ ಪ್ರಾಕ್ಟಿಕಲ್ ಮಾಡದೆಯೇ ಪಾಸಾಗುವ ವಿದ್ಯೆ ಏನಾದರೂ ಇದ್ದರೆ ದಯವಿಟ್ಟು ಅದನ್ನೂ ತಾವೇ ಕಲಿಸಿಕೊಡಿ.

ನಾನು ರಾಮನಗರದಲ್ಲಿ ಗ್ರಂದಿಗೆ ಅಂಗಡಿ ನಡೆಸುತ್ತೇನೆ. ಅರಿಸಿನ, ಕುಂಕುಮ, ಊದುಬತ್ತಿ, ಕರ್ಪೂರ ನನ್ನ ವ್ಯಾಪಾರ. ಆ ದಿನದ ಕರ್ಪೂರವೂ ನಮ್ಮ ಅಂಗಡಿಯದೇ. ಭಾರೀ ಪತ್ತೇದಾರಿಕೆ ಮಾಡಿದವರಂತೆ ಅದನ್ನು ‘ಮನೆಯಿಂದ ತಂದ ದಹನಶೀಲ ವಸ್ತು’ ಎಂದು ಬರೆದಿದ್ದೀರಿ. ಸ್ವಾಮಿ, ಕರ್ಪೂರ ಉರಿಯುತ್ತದೆ ಎನ್ನುವುದು ಯಾವ ಮಗುವಿಗೆ ಗೊತ್ತಿಲ್ಲ? ಉರಿಯಲಿ ಎಂದೇ ಜನ ಅದನ್ನು ಕೊಳ್ಳುತ್ತಾರೆ. ಅದೇ ಹಬ್ಬದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ತಕ್ಕಡಿಗಳಿಗೆ, ನೂಲು ತೆಗೆಯುವ ಯಂತ್ರಗಳಿಗೆ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಉಳಿಗಳಿಗೆ, ಸ್ಟ್ಯಾಂಡಿನ ಅಷ್ಟೂ ಆಟೋಗಳಿಗೆ ಕರ್ಪೂರದಾರತಿ ಆಯಿತು. ಅಲ್ಲೆಲ್ಲ ಯಾರ ಕೈಯೂ ಸುಡಲಿಲ್ಲ. ಕಾಲೇಜಿನ ಆ ಒಂದು ಕೋಣೆಯಲ್ಲಿ ಮಾತ್ರ ಯಾಕೆ ಸುಟ್ಟಿತು ಎಂದು ನೀವು ಕೇಳಿಕೊಳ್ಳಬೇಕಿತ್ತು. ಅದನ್ನು ಕೇಳಲಿಕ್ಕೆಂದೇ ಅಲ್ಲವೇ ತಮ್ಮನ್ನು ನೇಮಿಸಿದ್ದು?

ನೀವು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ಪೂಜೆ ಎಂದ ಮೇಲೆ ಮೊದಲು ತೊಳೆಯಬೇಕು, ಬಳಿಯಬೇಕು. ಮಸಿ ಹಿಡಿದ ಬೀಕರು, ಫ್ಲಾಸ್ಕುಗಳನ್ನೆಲ್ಲ ಮಕ್ಕಳು ಬೆಳಿಗ್ಗೆಯಿಂದ ಉಜ್ಜಿದ್ದಾರೆ. ನೀರಿನಲ್ಲಿ ತೊಳೆದ ಗಾಜು ಬೇಗ ಒಣಗುವುದಿಲ್ಲ, ಒಣಗಿದರೂ ಕಲೆ ಉಳಿಯುತ್ತದೆ. ಪ್ರಿನ್ಸಿಪಾಲರು ಬರುವ ಹೊತ್ತಿಗೆ ಎಲ್ಲ ಫಳಫಳ ಹೊಳೆಯಬೇಕು, ಫೋಟೋ ಬೇರೆ ತೆಗೆಯಬೇಕು. ಅಟೆಂಡರ್ ಮುನಿರಾಮಯ್ಯ ಸ್ಟೋರಿನಿಂದ ಒಂದು ಕ್ಯಾನು ಹೊತ್ತು ತಂದು, ಬಟ್ಟೆ ನೆನೆಸುವಂಥ ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಸುರಿದಿದ್ದಾರೆ. “ಇದ್ರಲ್ಲಿ ಒಸಿ ಅದ್ದಿ ಎತ್ರವ್ವ, ಕಣ್ಣು ಮುಚ್ಚಿ ಬುಡೋದ್ರೊಳ್ಗೆ ಒಣಿಕತದೆ” ಅಂದಿದ್ದಾರೆ. ಪಾಪ, ಅವರು ಹೇಳಿದ್ದು ಸುಳ್ಳಲ್ಲ. ಅದು ಅಸಿಟೋನ್. ಉಗುರಿನ ಬಣ್ಣ ಅಳಿಸಲು ನಮ್ಮ ಹೆಣ್ಣುಮಕ್ಕಳು ತರುತ್ತಾರಲ್ಲ, ಆ ಪುಟ್ಟ ಸೀಸೆಯಲ್ಲಿರುವುದೂ ಹೆಚ್ಚುಕಮ್ಮಿ ಅದೇ. ಪರಿಚಯದ ವಾಸನೆ, ಹಾಗಾಗಿ ಯಾರಿಗೂ ಹೆದರಿಕೆ ಆಗಲಿಲ್ಲ. ಕ್ಯಾನಿನ ಮೇಲೆ ಹೆಸರಿನ ಚೀಟಿ ಇರಲಿಲ್ಲ, ಬೆಂಕಿಯ ಗುರುತೂ ಇರಲಿಲ್ಲ.

ಇದೆಲ್ಲ ನನಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿ ತಿಳಿದುಕೊಂಡೆ. ಅಸಿಟೋನ್ ಬೇಗ ಒಣಗುತ್ತದೆ ಎಂದರೆ ಬೇಗ ಆವಿಯಾಗಿ ಕೋಣೆ ತುಂಬುತ್ತದೆ ಎಂದರ್ಥ. ಆ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲದ ಮೇಲೆ ಹರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಲ್ಲೋ ದೂರದಲ್ಲಿ ಒಂದು ಕಿಡಿ ಸಿಕ್ಕರೂ ಅಲ್ಲಿಂದ ಟಬ್ಬಿನವರೆಗೆ ಬೆಂಕಿ ಓಡಿ ಬರುತ್ತದೆ. ಅದಕ್ಕೇ ಅದನ್ನು ಬಿಗಿಯಾಗಿ ಮುಚ್ಚಿಡಬೇಕು, ಬೇಕಾದಷ್ಟನ್ನೇ ತೆಗೆದು ಬಳಸಬೇಕು, ಗಾಳಿ ಎಳೆದು ಹೊರಹಾಕುವ ವ್ಯವಸ್ಥೆಯ ಕೆಳಗೇ ಮುಟ್ಟಬೇಕು, ಸುತ್ತಮುತ್ತ ಬೆಂಕಿ ಇರಕೂಡದು. ಅಂಗಡಿಯ ಹೆಂಗಸು ಒಂದು ಸಂಜೆ ಓದಿ ತಿಳಿಯಬಹುದಾದದ್ದನ್ನು ಆ ಮಕ್ಕಳಿಗೆ ಒಬ್ಬರೂ ಹೇಳಿರಲಿಲ್ಲ.

ಆ ಕೋಣೆಯ ಎಕ್ಸಾಸ್ಟ್ ಫ್ಯಾನು ಎಂದೋ ಕೆಟ್ಟು, ಅದರೊಳಗೆ ಪಾರಿವಾಳ ಸಂಸಾರ ಹೂಡಿತ್ತು. ದೀಪ ಆರಬಾರದೆಂದು ಕಿಟಕಿಗಳನ್ನೂ ಮುಚ್ಚಿದರು. ಟಬ್ಬನ್ನು ಮೇಜಿನ ಕೆಳಗೆ ತಳ್ಳಿದರು, ಮುಚ್ಚಳ ಎಲ್ಲಿಂದ ತರುವುದು? ನೆಲದ ಮೇಲೆ ರಂಗೋಲಿ, ರಂಗೋಲಿಯ ನಡುವೆ ದೀಪ. ನಯನಾ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರತಿ ಎತ್ತಲು ಬಗ್ಗಿದ್ದಾಳೆ. ದೀಪದ ಬಳಿಯಿಂದ ಮೇಜಿನ ಕೆಳಕ್ಕೆ ನೀಲಿ ಬೆಂಕಿ ಭಗ್ಗೆಂದು ಓಡಿತಂತೆ. ಟಬ್ಬು ಹೊತ್ತಿಕೊಂಡಿತು, ಪಕ್ಕದಲ್ಲಿದ್ದ ನನ್ನ ಮಗಳ ಬಲಗೈ ಮೊಣಕೈವರೆಗೂ ಬೆಂದಿತು. ಬೆಂಕಿ ಆರಿಸುವ ಸಿಲಿಂಡರಿಗೂ ಬೆಳಿಗ್ಗೆಯೇ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಹಾರ ಕಿತ್ತೆಸೆದು ಒತ್ತಿದರೆ ಅದರಿಂದ ಬಂದದ್ದು ಬರೀ ಗಾಳಿ. ಗೆಳತಿ ಖತೀಜಾ, ನೆಲ ಒರೆಸಿ ಇಟ್ಟಿದ್ದ ಒದ್ದೆ ಗೋಣಿಚೀಲವನ್ನು ಟಬ್ಬಿನ ಮೇಲೆ ಎಳೆದು, ಇವಳನ್ನು ನಲ್ಲಿಯ ಕೆಳಗೆ ಹಿಡಿದು ನಿಲ್ಲಿಸದಿದ್ದರೆ ನಾನು ಈವತ್ತು ಬೇರೆಯೇ ಪತ್ರ ಬರೆಯುತ್ತಿದ್ದೆ. ಆ ಹುಡುಗಿಯ ಹೆಸರೂ ನಿಮ್ಮ ವರದಿಯಲ್ಲಿ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಆಸ್ಪತ್ರೆಗೆ ಬಂದಿರಿ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಿರಿ. ಎಳನೀರು ತಂದಿದ್ದಿರಿ. “ಇವ್ಳು ನನ್ ಮಗಳಿದ್ದಂಗೆ ಕಣಮ್ಮ. ಯಾರ ತಪ್ಪಿದ್ರೂ ಬುಡೋದಿಲ್ಲ, ನೀವು ಧೈರ್ಯವಾಗಿರಿ” ಅಂದಿರಿ. ನಮ್ಮ ಕಡೆಯ ಮಾತಿನಲ್ಲೇ ಮಾತಾಡಿದಿರಲ್ಲ, ಕರುಳಿಗೆ ತಾಕಿತು. ನಯನಾ ಮಾತ್ರ ಎಡಗೈಯಲ್ಲಿ ನನ್ನ ಸೆರಗು ಹಿಡಿದು ಎಳೆದಳು. “ಬ್ಯಾಡ ಕಣಮ್ಮ, ಆಮೇಲೆ ನನ್ ಮ್ಯಾಲೇ ಹಾಕ್ತಾರೆ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಗದರಿದೆ. “ಸಾಹೇಬ್ರು ಒಳ್ಳೇವ್ರು ಕಣೆ, ಏನೂ ಮುಚ್ಚಿಡಬ್ಯಾಡ, ಎಲ್ಲಾ ಹೇಳ್ಬುಡು” ಅಂದೆ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಅವಳು ಎಲ್ಲವನ್ನೂ ಹೇಳಿದಳು. ಫ್ಯಾನು, ಚೀಟಿಯಿಲ್ಲದ ಕ್ಯಾನು, ಟಬ್ಬು, ಖಾಲಿ ಸಿಲಿಂಡರು, ಯಾವತ್ತೂ ನಡೆಯದ ಸುರಕ್ಷತೆಯ ಪಾಠ. ಕೊನೆಗೆ, “ಕರ್ಪೂರ ಹಚ್ಚಿದ್ದು ನಾನೇ ಸಾರ್” ಎಂದಳು.

ನಿಮಗೆ ಬೇಕಾದದ್ದು ಅದೊಂದೇ ಮಾತು! ‘ವಿದ್ಯಾರ್ಥಿನಿ ಸ್ವತಃ ಒಪ್ಪಿಕೊಂಡಂತೆ’ ಎಂದು ಬರೆದು ಮುಗಿಸಿಬಿಟ್ಟಿರಿ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದಲ್ಲದೆ ಇನ್ನೇನು? ನನ್ನ ಹೊಟ್ಟೆ ಹೇಗೆ ಉರಿಯುತ್ತಿದೆ ಎಂದು ಹೇಳಲು ನನಗೆ ನಿಮ್ಮಂಥ ಆಡಳಿತ ಭಾಷೆ ಬರುವುದಿಲ್ಲ. ಗುರುತಿಲ್ಲದ ಯಾರೋ ಹೀಗೆ ಮಾಡಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಮಗಳಿದ್ದಂಗೆ ಅಂದವರು ನೀವು.

ಪರಿಹಾರವನ್ನೂ ಸೂಚಿಸಿದ್ದೀರಿ: ಇನ್ನು ಮುಂದೆ ಪ್ರಯೋಗಾಲಯಗಳಲ್ಲಿ ಪೂಜೆ ನಿಷೇಧ. ಆಗಲಿ, ನಿಷೇಧಿಸಿ, ನನ್ನ ತಕರಾರಿಲ್ಲ. ಅಂಥ ಕಡೆ ದೀಪ ಹಚ್ಚಬಾರದು ಎಂದು ಈಗ ನಾನೇ ನಾಲ್ಕು ಜನಕ್ಕೆ ಹೇಳುತ್ತೇನೆ. ಆದರೆ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ಪಾಠ ನಡೆಯುವ ದಿನವೆಲ್ಲ ಗ್ಯಾಸಿನ ಬರ್ನರುಗಳು ಉರಿಯುತ್ತವಲ್ಲ, ಅದು ಯಾವ ದೇವರಿಗೆ ಮಾಡುವ ಆರತಿ? ಫ್ಯಾನಿನಲ್ಲಿ ಪಾರಿವಾಳ ಹಾಗೇ ಇದೆ. ಕ್ಯಾನು ಸ್ಟೋರಿನಲ್ಲಿ ಹಾಗೇ ಇದೆ. ಒಳಗೆ ಬಿಡಬಾರದವಳು ಮಾತ್ರ ನನ್ನ ಮಗಳು! ಅಪಾಯ ಎಲ್ಲಿದೆ ಎಂದು ಆ ಕಾಲೇಜಿನಲ್ಲಿ ಬಾಯಿಬಿಟ್ಟು ಹೇಳಿದ ಒಬ್ಬಳನ್ನು ಹೊರಗೆ ನಿಲ್ಲಿಸಿ ಯಾರನ್ನು ಕಾಪಾಡುತ್ತಿದ್ದೀರಿ?

ನಾನು ಕೇಳುವುದು ಹಣವನ್ನಲ್ಲ, ಕನಿಕರವನ್ನೂ ಅಲ್ಲ. ನಮ್ಮ ಮನೆಗೆ ಬನ್ನಿ. ಆ ದಿನ ಕೂತಂತೆಯೇ ಅವಳೆದುರು ಕೂತು, ಅವಳು ಹೇಳಿದ್ದಷ್ಟನ್ನೂ ವರದಿಗೆ ಸೇರಿಸಿ ಅವಳಿಗೇ ಓದಿ ಹೇಳಿ. ‘ನಿರ್ಲಕ್ಷ್ಯ’ ಎಂಬ ಮಾತನ್ನು ಅವಳ ಹೆಸರಿನ ಪಕ್ಕದಿಂದ ತೆಗೆದು, ಅದು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ. ಪರೀಕ್ಷೆಗೆ ಮುಂಚೆ ಅವಳು ಪ್ರಯೋಗಾಲಯದೊಳಕ್ಕೆ ಹೋಗಬೇಕು. ಅವಳು ಹೋಗುವ ಮೊದಲು ಆ ಫ್ಯಾನು ತಿರುಗಬೇಕು.

ತಡಮಾಡಬೇಡಿ. ಮೊನ್ನೆ ಅಂಗಡಿಗೆ ಬಂದ ಸಿದ್ದಮ್ಮನವರು ಅವಳ ಕೈ ನೋಡಿ, “ಅಯ್ಯೋ, ಏನವ್ವ ಇದು, ಹೆಂಗಾಯ್ತು?” ಅಂದರು. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ ನನ್ನ ಮಗಳು ತಲೆ ಎತ್ತದೆ ಹೇಳಿದಳು: “ಒಲೆ ಮ್ಯಾಲಿನ ಹಾಲು ಚೆಲ್ತು ಅಜ್ಜಿ.”

ಇಂತಿ,
ನಿಮ್ಮನ್ನು ನಂಬಿ ಮಗಳ ಬಾಯಿ ಬಿಡಿಸಿದ ತಾಯಿ,
ಮಮತಾ
ರಾಮನಗರ