ಗಾಡಿಯ ಕೊಕ್ಕೆಗೆ ಕಾಯಿ ಒಡೆಯಬೇಡಿ, ಅಜ್ಜಾ

ಹುಬ್ಬಳ್ಳಿ,
ಎರಡನೇ ಆಶ್ವೀಜದ ನಲವತ್ತೊಂದನೆಯ ದಿನ,
ಹೊಸ ಎಣಿಕೆಯ ಅರವತ್ತಾರನೆಯ ವರ್ಷ

ಚನ್ನವೀರಪ್ಪಜ್ಜನವರಿಗೆ ನಿಮ್ಮ ಮರಿಮಗನ ಮರಿಮಗ ಅಡಿವೆಪ್ಪನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲಿನ ಕಾಲ ಉದ್ದವಾದ ಹಾಗೆ ಇಲ್ಲಿ ತಿಂಗಳುಗಳನ್ನೂ ಎಳೆದು ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮೆ ಇರಲಿ. ನಾನು ಸಾಲೆ ಕಲಿತದ್ದು ಅಷ್ಟಕ್ಕಷ್ಟೆ. ಒಂದು ವರ್ಷ ಹೋದರೆ ಮರುವರ್ಷ ಬಿಡುತ್ತಿದ್ದೆ, ಕೊನೆಗೆ ಸಾಲೆಯೇ ಮುಚ್ಚಿಕೊಂಡು ಹೋಯಿತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಇದನ್ನು ಓದುವಾಗ ನೀವು ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬಹುದು. ಆದರೂ ಅಜ್ಜ ಅಜ್ಜನೇ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ಅದು ಮುಟ್ಟುತ್ತದೋ ಇಲ್ಲವೋ ಯಾರೂ ಕಂಡಿಲ್ಲ, ಉತ್ತರ ಬಂದವರೂ ಇಲ್ಲ. ಇಂಥದ್ದನ್ನು ಗಾಡಿಯ ಸಲುವಾಗಿ ಖರ್ಚು ಮಾಡುತ್ತಿದ್ದೇನೆಂದು ನನ್ನ ಹೆಂಡತಿ ನೀಲವ್ವ ಬೆಳಗಿನಿಂದ ನಗುತ್ತಿದ್ದಾಳೆ. "ಮಂದಿ ಹಿಂದಿನವರಿಗೆ ಹೊಲಾ ಹಿಡೀರಿ, ಬಂಗಾರ ಹುಗದ ಇಡ್ರಿ ಅಂತ ಬರೀತಾರ. ನೀವು ತೆಂಗಿನಕಾಯಿ ಮ್ಯಾಲೆ ಬರೀರಿ," ಎನ್ನುತ್ತಾಳೆ. ಹೌದು, ತೆಂಗಿನಕಾಯಿಯ ಮೇಲೆಯೇ ಬರೆಯುತ್ತಿದ್ದೇನೆ. ಆದರೆ ಮೊದಲು ಗಾಡಿಯ ಸಂಗತಿ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಿಮ್ಮ ಎಂಟು ಸೀಟಿನ ದೊಡ್ಡ ಗಾಡಿ ಇನ್ನೂ ಇದೆ. ಈ ಓಲೆ ಸಿಗುವ ಹೊತ್ತಿಗೆ ಅದು ನಿಮ್ಮಲ್ಲೇ ಹಳೆಯದಾಗಿರಬೇಕು. ಎಣ್ಣೆ ಕುಡಿಯುತ್ತದೆ, ಓಣಿಯಲ್ಲಿ ತಿರುಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡಿ ಎಂದು ಮನೆಯವರು ನಿಮ್ಮ ಜೀವ ತಿನ್ನುತ್ತಿರಬಹುದು. ನೀವು ಕೊಡಲಿಲ್ಲ, ಅದಕ್ಕೇ ಅದು ನನ್ನ ಪಾಲಿಗೆ ಬಂತು. ಡೀಸೆಲ್ ಎಂಬುದು ಈಗ ಇಲ್ಲ. ಹೊಂಗೆ ಎಣ್ಣೆಯನ್ನು ಮೂರು ಅರಿವೆಯಲ್ಲಿ ಸೋಸಿ ಹಾಕುತ್ತೇನೆ. ಹೊರಟಾಗ ಹಿಂದೆಲ್ಲ ಗುಡಿಯ ದೀಪ ಆರಿದ ವಾಸನೆ. ಬ್ಯಾಟರಿ ಸತ್ತು ನನ್ನ ಅಪ್ಪನ ಕಾಲವೇ ಆಯಿತು, ಇಳಿಜಾರಿನಲ್ಲಿ ನಿಲ್ಲಿಸಿ ತಳ್ಳಿ ಸ್ಟಾರ್ಟ್ ಮಾಡಬೇಕು. ಟಾಯರುಗಳನ್ನು ಹಳೆ ರಬ್ಬರಿನ ಪಟ್ಟಿ ಕೂಡಿಸಿ ಚಪ್ಪಲಿ ಹೊಲಿದಂತೆ ಹೊಲಿಸಿದ್ದೇವೆ. ರೇಡಿಯೇಟರಿಗೆ ನೀರನ್ನು ಅಳೆದು ಅಳೆದು ಹಾಕುತ್ತೇನೆ, ಏಕೆಂದರೆ ಅದು ಮನೆಯವರು ಕುಡಿಯುವ ನೀರಿನಲ್ಲೇ ತೆಗೆದದ್ದು. ಎಲ್ಲಿ ಸೋರುತ್ತದೆ, ಎಲ್ಲಿ ಬಡಿಯುತ್ತದೆ ಎಂದು ನೋಡುತ್ತ ನೋಡುತ್ತ, ಓಡಿಸಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಹೆಚ್ಚು.

ಇಷ್ಟು ಒದ್ದಾಟ ಯಾಕೆ ಎಂದು ನೀವು ಕೇಳಬಹುದು. ಇಲ್ಲಿ ಓಡಾಡಲು ಒಂಟಿಗೂಡುಗಳಿವೆ. ಒಬ್ಬರೇ ಕೂರುವ, ತಾನೇ ಮುಚ್ಚಿಕೊಂಡು ತಾನೇ ಹೋಗುವ ಡಬ್ಬಿಗಳು. ಗಂಡ ಒಂದರಲ್ಲಿ, ಹೆಂಡತಿ ಒಂದರಲ್ಲಿ; ಮದುವೆಯ ದಿಬ್ಬಣ ಕೂಡ ಹೀಗೇ ಇರುವೆ ಸಾಲಿನಂತೆ ಸದ್ದಿಲ್ಲದೆ ಹೋಗಿ ಮುಟ್ಟುತ್ತದೆ. ನನ್ನ ಅವ್ವ ಶಂಕ್ರವ್ವನಿಗೆ ಆ ಗೂಡು ಆಗಿಬರುವುದಿಲ್ಲ. ಒಮ್ಮೆ ಕೂರಿಸಿದ್ದೆವು, ಮುಚ್ಚಳ ಬಿದ್ದೊಡನೆ ಒಳಗಿಂದ ಬಡಿದು ಬಡಿದು ಕೈ ರಕ್ತ ಮಾಡಿಕೊಂಡಳು. ಅವಳ ತಂಗಿ ನವಲಗುಂದದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಅವ್ವ ಅವಳ ಮುಖ ನೋಡುವುದು ಈ ಗಾಡಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದಾರಿಯುದ್ದಕ್ಕೂ ಎಂಟು ಮಂದಿಯ ಜಗಳ, ಕಿಟಕಿಯ ಸಲುವಾಗಿ ಒಂದು, ಹಿಂದಿನ ಸೀಟಿನಲ್ಲಿ ಮೊಣಕಾಲು ತಾಗಿದ್ದಕ್ಕೆ ಇನ್ನೊಂದು. ಆ ಗದ್ದಲದ ನಡುವೆ ಅವ್ವ ಹಾಯಾಗಿ ನಿದ್ದೆ ಮಾಡುತ್ತಾಳೆ.

ನಾಳೆ ಏರುಪರೀಕ್ಷೆ. ಹಳೆಗಾಡಿ ಇಟ್ಟವರು, ಅದರಲ್ಲಿ ಎಷ್ಟು ಸೀಟೋ ಅಷ್ಟೂ ಮಂದಿಯನ್ನು ಕೂರಿಸಿಕೊಂಡು ನೃಪತುಂಗ ಬೆಟ್ಟದ ಏರು ಹತ್ತಿ ತೋರಿಸಬೇಕು. ನಡುವೆ ನಿಂತರೆ, ಬಾಗಿದರೆ, ಅಲ್ಲಿಂದಲೇ ಕುಲುಮೆಗೆ ಎಳೆದೊಯ್ದು ಕರಗಿಸುತ್ತಾರೆ. ಕಬ್ಬಿಣಕ್ಕೆ ಅಷ್ಟು ಬರ. ಇದಕ್ಕೆಂದು ಮೊನ್ನೆ ಗಾಡಿಯ ಅಡಿ ತಿಕ್ಕುತ್ತಿದ್ದೆ. ಮುಂದೆ, ಕೆಟ್ಟಾಗ ಹಗ್ಗ ಕಟ್ಟಿ ಎಳೆಯುವ ಕೊಕ್ಕೆ ಇದೆಯಲ್ಲ, ಅದರ ಹಿಂದೆ ಗಾಡಿಯ ಭಾರ ಹೊರುವ ಚಾಸಿಯ ತೊಲೆಗೆ ಬೆರಳು ತಾಗಿಸಿದೆ. ಕಬ್ಬಿಣ ಹಪ್ಪಳದ ಹಾಗೆ ಪುಡಿಪುಡಿಯಾಗಿ ಮುಖದ ಮೇಲೆ ಬಿತ್ತು.

ನೀಲವ್ವನ ತಮ್ಮ ಹುಚ್ಚೀರಪ್ಪ ಬಂದು ನೋಡಿದ. ಅವನಿಗೆ ಇಂಥ ಕೆಲಸ ಒಂದಿಷ್ಟು ಗೊತ್ತು. "ಮಾವಾ, ಉಳದ ಗಾಡಿ ಎಲ್ಲಾ ಗಟ್ಟಿ ಐತಿ. ಇಲ್ಲಷ್ಟ ಯಾಕ ತುಕ್ಕ ತಿಂದೈತಿ? ಅಮಾಸಿಗೊಮ್ಮೆ ಕಾಯಿ ಎಲ್ಲಿ ಒಡೀತೀರಿ ನೀವು?" ಎಂದು ಕೇಳಿದ. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ಪೂಜೆಗೆ ಕಾಯಿಯನ್ನು ಕಲ್ಲಿಗೆ ಒಡೆಯುವುದಿಲ್ಲ, ಆ ಕೊಕ್ಕೆಗೇ ಒಡೆಯುತ್ತೇವೆ. ನೀವು ಗಾಡಿ ತಂದ ದಿನ ಷೋರೂಮಿನ ಮುಂದೆ ನುಣುಪು ಹಾಸುನೆಲ ಇತ್ತಂತೆ, ನೆಲಕ್ಕೆ ಒಡೆಯಬೇಡಿ ಎಂದು ಕಾವಲಿನವ ತಡೆದನಂತೆ, ಆಗ ನೀವು ಕೊಕ್ಕೆಗೆ ಒಡೆದಿರಂತೆ. ಅಜ್ಜ ಮಾಡಿದ್ದೇ ಪದ್ಧತಿಯಾಯಿತು. ಈಗ ತೆಂಗಿನಕಾಯಿ ಕಣ್ಣಿಗೆ ಬೀಳುವುದೇ ಅಪರೂಪ. ಆದರೂ ಬಾಯಿ ಕಟ್ಟಿ ತಂದು ಅಲ್ಲೇ ಒಡೆದೆವು. ಆ ನೀರು ಪ್ರತಿ ಅಮಾವಾಸ್ಯೆಯೂ ಸಂದಿಯಲ್ಲಿ ಇಳಿದು, ನಿಂತು, ಕಬ್ಬಿಣ ತಿಂದಿದೆ.

ಬೆಸುಗೆ ಹಾಕುವಂತಿಲ್ಲ. ಹೊಸ ಕಬ್ಬಿಣದ ಚೂರು ಸೇರಿದರೂ ಅದನ್ನು ಹೊಸಗಾಡಿ ಎಂದು ಬರೆದುಕೊಳ್ಳುತ್ತಾರೆ, ಹೊಸಗಾಡಿ ಇಡಲು ಯಾರಿಗೂ ಅಪ್ಪಣೆಯಿಲ್ಲ. ಜೀವಕ್ಕೇನಾದರೂ ಆದೀತೇ ಎಂದು ಹುಚ್ಚೀರಪ್ಪನನ್ನು ಹತ್ತು ಸಲ ಕೇಳಿದೆ. "ಏನೂ ಆಗೂದಿಲ್ಲ ಮಾವಾ, ಆಮೀ ನಡದಂಗ ಏರತೈತಿ. ಮುರಿದ್ರ ಮೂಗು ನೆಲಕ್ಕ ಹಚ್ಚಿ ಕುಂದರತೈತಿ, ಅಷ್ಟ," ಎಂದ. ಮುಂದಿನ ಭಾರ ಇಳಿಸಲು ಅವ್ವನನ್ನು ಹಿಂದೆ ಕೂರಿಸೋಣ ಎಂದೂ ಹೇಳಿದ. ಅವ್ವ ಕೆರಳಿದಳು. "ಹಿಂದ ಕುಂತ್ರ ಮಂದಿ ಬೆನ್ನ ಅಷ್ಟ ಕಾಣತಾವು. ನಾ ಮುಂದ ಕುಂದರಾಕಿ. ಭಾರ ಇಳೀಬೇಕಂದ್ರ ನಿನ್ನ ಹೊಟ್ಟಿ ಮನ್ಯಾಗ ಬಿಟ್ಟ ಬಾರೋ ಹುಚ್ಚೀರ್‍ಯಾ." ನಾನು ನಗಲಾರದೆ ಕೂತಿದ್ದನ್ನು ಕಂಡು ನನ್ನ ಕಡೆಗೆ ತಿರುಗಿದಳು. "ಮುರಿದ್ರ ಮುರೀಲಿ ಬಿಡೋ ತಮ್ಮಾ. ಎಂಟೂ ಮಂದಿ ಕೂಡೇ ಇಳದು ನಡಕೋಂತ ಬರೂಣು."

ಹೀಗೆ ಹೇಳುವವಳಿಗೆ ಮನೆಯಿಂದ ಬೆಟ್ಟದ ಬುಡದವರೆಗೂ ನಡೆಯಲು ಆಗುವುದಿಲ್ಲ, ಅಜ್ಜಾ.

ಅದಕ್ಕೇ ನನ್ನ ಒಂದೇ ಹಿಂದೋಲೆ ನಿಮಗೆ. ಪೂಜೆ ಬಿಡಿ ಎನ್ನುವುದಿಲ್ಲ. ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡಿ. ಕಾಯಿಯನ್ನು ಮಾತ್ರ ಒಂದು ಕಲ್ಲು ಹುಡುಕಿ ಅದಕ್ಕೆ ಒಡೆಯಿರಿ. ಆಗಲೇ ಕೊಕ್ಕೆಗೆ ಒಡೆದಿದ್ದರೆ ಒಳ್ಳೆಯ ನೀರಿನಿಂದ ತೊಳೆದು, ಒರೆಸಿ, ಸಂದಿಯೊಳಗೆ ಎಣ್ಣೆ ಸವರಿ. ಮಕ್ಕಳಿಗೂ ಹಾಗೇ ಹೇಳಿಕೊಡಿ. ಇಲ್ಲದಿದ್ದರೆ ಅವರು ನಿಮ್ಮನ್ನೇ ನೋಡಿ ಕಲಿಯುತ್ತಾರೆ.

ಇಷ್ಟು ಬರೆದ ಮೇಲೆ ಎದ್ದು ಹೋಗಿ ಗಾಡಿಯ ಕೆಳಗೆ ಮತ್ತೆ ಬೆರಳಾಡಿಸಿ ಬಂದೆ. ಇನ್ನೂ ಉದುರುತ್ತದೆ. ನೀಲವ್ವ ಬಾಗಿಲಲ್ಲಿ ನಿಂತು, "ಇನ್ನ ಓಲಿ ಅಂಚಿಗೇ ಹಾಕಿಲ್ಲ, ಆಗಲೇ ಮುಟ್ಟತೈತೇನ್ರೀ?" ಎಂದಳು. ಅದೂ ನಿಜ. ಇನ್ನೊಂದು ಚಿಂತೆ: ನೀವು ನನ್ನ ಮಾತು ನಡೆಸಿಕೊಟ್ಟು ಕಬ್ಬಿಣ ಗಟ್ಟಿಯಾಗಿಬಿಟ್ಟರೆ, ನಾನು ಈ ಕಾಗದ ಬರೆಯಲು ಕಾರಣವೇ ಇರುವುದಿಲ್ಲ; ಬರೆಯದಿದ್ದರೆ ನಿಮಗೆ ತಿಳಿಸುವವರು ಯಾರು? ಇದು ನನ್ನ ತಲೆಗೆ ಹತ್ತುವುದಿಲ್ಲ. ಹೆಚ್ಚು ಓದಿದವರಿಗೆ ಹತ್ತುತ್ತದೋ ಏನೋ. ಈಗ ಅಂಚೆಗೆ ಹಾಕಿಬಿಡುತ್ತೇನೆ, ಮತ್ತೆ ಕೆಳಗೆ ಇಣುಕುವುದಿಲ್ಲ. ನಾಳೆ ಬೆಟ್ಟದ ಏರಿನ ನಡುವೆ, ಅವ್ವ ನನ್ನ ಪಕ್ಕದಲ್ಲಿ ಕೂತಿರುವಾಗ, ಗಾಡಿಯ ಮೂಗು ನೆಲಕ್ಕೆ ತಾಗದೆ ಮುಂದೆ ಹೋದರೆ, ನಿಮ್ಮ ಉತ್ತರ ಬಂತು ಎಂದುಕೊಳ್ಳುತ್ತೇನೆ.

ನಿಮ್ಮ,
ಅಡಿವೆಪ್ಪ